ಹೊಸ ಕತೆಗಾರನೂ ಹಳೆಯ ಓದುಗನೂ

ಶಾಮನೂರಿನ ಯಾವುದಾದರೊಂದು ವಿದ್ಯಾವಂತರ ಮನೆಯಲ್ಲಿ, ಊಟವಾಗಿ ಎಲೆಯಡಿಕೆಯ ತಟ್ಟೆ ಮುಂದೆ ಬಂದ ಹೊತ್ತಿನಲ್ಲಿ, ಕನ್ನಡದ ಕಾದಂಬರಿಕಾರರಲ್ಲಿ ತಮಗೆ ಮೆಚ್ಚಿಗೆಯಾದವರು ಯಾರು ಎಂದು ಕೇಳಿದರೆ ಉತ್ತರಕ್ಕೆ ತಡವಾಗುವುದಿಲ್ಲ. ಮನೆಯ ಹಿರಿಯರು ಅನಕೃ, ತರಾಸು ಎನ್ನುವರು. ಗೃಹಿಣಿಯು ತ್ರಿವೇಣಿ, ಎಂ. ಕೆ. ಇಂದಿರಾ ಎನ್ನುವಳು. ಕಾಲೇಜು ಮುಗಿಸಿದ ಮಗನು ಭೈರಪ್ಪನವರ ಹೆಸರನ್ನೋ ತೇಜಸ್ವಿಯವರ ಹೆಸರನ್ನೋ ಹೇಳುವನು. ಹೆಸರುಗಳೆಲ್ಲ ಒಳ್ಳೆಯವೇ, ಕನ್ನಡದ ಮನೆಗಳಿಗೆ ಅವು ಬಂಧುಗಳ ಹೆಸರುಗಳಿದ್ದಂತೆ. ಆದರೆ 2025ರ ಸೆಪ್ಟೆಂಬರಿನಲ್ಲಿ ಭೈರಪ್ಪನವರು ತೀರಿಕೊಂಡ ಮೇಲೆ ಈ ಆರು ಮಂದಿಯಲ್ಲಿ ಒಬ್ಬರೂ ಉಳಿದಿಲ್ಲ. ಈಗ ಬರೆಯುತ್ತಿರುವವರಲ್ಲಿ, ಮೊದಲ ಪುಸ್ತಕವನ್ನು ಈಚೆಗೆ ಹೊರತಂದವರಲ್ಲಿ, ಯಾರನ್ನು ಓದಿದ್ದೀರಿ ಎಂದು ಮತ್ತೆ ಕೇಳಿದರೆ ಮಾತು ನಿಲ್ಲುವುದು. ಯಾರಾದರೊಬ್ಬರು ಅಡಿಕೆಯ ತಟ್ಟೆಯನ್ನು ಇತ್ತ ಸರಿಸುವರು.

ಇದನ್ನು ಓದುಗರ ಸೋಮಾರಿತನವೆಂದು ಹಳಿಯುವುದು ಸುಲಭ, ಆದರೆ ನ್ಯಾಯವಲ್ಲ. ದಾವಣಗೆರೆಯ ಮಾರುಕಟ್ಟೆಯಲ್ಲಿ ಮೆಕ್ಕೆಜೋಳದ ರಾಶಿಯ ಮುಂದೆ ನಿಂತ ವ್ಯಾಪಾರಿಯು ರೈತನ ಮಾತನ್ನು ಕೇಳಿ ಬೆಲೆ ಕಟ್ಟುವುದಿಲ್ಲ. ಒಂದು ಹಿಡಿ ಕಾಳನ್ನು ತೆಗೆದು ಅಂಗೈಯಲ್ಲಿ ಹರಡಿ ನೋಡುವನು. ಒಂದೆರಡು ಕಾಳನ್ನು ಹಲ್ಲಿನಲ್ಲಿ ಕಡಿದು ತೇವವೆಷ್ಟಿದೆಯೆಂದು ಅರಿಯುವನು. ಪುಸ್ತಕಕ್ಕೆ ಹಣವನ್ನೂ, ಹಣಕ್ಕಿಂತ ಹೆಚ್ಚಿನದಾದ ನಾಲ್ಕು ರಾತ್ರಿಗಳ ಬಿಡುವನ್ನೂ ಕೊಡಬೇಕಾದವನು ಹಿಡಿ ಕಾಳನ್ನು ಬಯಸಿದರೆ ತಪ್ಪೇನು? ಹಿಂದಿನ ಪುಸ್ತಕಗಳೇ ಹಳೆಯ ಲೇಖಕನಿಗೆ ಆ ಹಿಡಿ ಕಾಳಾಗುತ್ತವೆ. ಹೊಸಬನಿಗೆ ಹಿಂದೆ ಏನೂ ಇಲ್ಲ. ಮುನ್ನುಡಿಯುಂಟಲ್ಲ ಎಂದರೆ, ಮುನ್ನುಡಿಯಲ್ಲಿ ಹಿರಿಯರು ಎಲ್ಲರನ್ನೂ ಒಂದೇ ಸಮನಾಗಿ ಹರಸುತ್ತಾರೆಂಬುದು ವಾಚಕರಿಗೆ ಎಂದೋ ತಿಳಿದುಹೋಗಿದೆ. ಹೊಸಬನ ಪುಸ್ತಕವು 500 ಪ್ರತಿ, ಬಹಳವಾದರೆ 1000 ಪ್ರತಿ ಅಚ್ಚಾಗುವುದು. ಗ್ರಂಥಾಲಯ ಇಲಾಖೆಯ ಸಗಟು ಖರೀದಿಯಲ್ಲಿ ಕೆಲವು ಹೋದರೆ ಹೋದವು. ಉಳಿದವು ಬಂಧುಗಳ ಮದುವೆಯಲ್ಲಿ ಉಡುಗೊರೆಯಾಗಿ, ಇಲ್ಲವೆ ಮಂಚದ ಕೆಳಗೆ ಕಟ್ಟಾಗಿ ಉಳಿಯುವವು. ಮೊದಲ ಪುಸ್ತಕದ ಕಟ್ಟು ಬಿಚ್ಚದೆ ಉಳಿದವನು ಎರಡನೆಯದನ್ನು ಬರೆಯುವನೆಂಬ ನಂಬಿಕೆಯಿಲ್ಲ. ಕನ್ನಡಕ್ಕೆ ಹೀಗೆ ಎಷ್ಟು ಎರಡನೆಯ ಪುಸ್ತಕಗಳು ನಷ್ಟವಾಗಿವೆಯೋ ಲೆಕ್ಕವಿಟ್ಟವರಾರು?

ಈ ಕಷ್ಟವು ಇಂದಿನದಲ್ಲ. ಕನ್ನಡ ಕಾದಂಬರಿಯ ಎಳೆತನದಲ್ಲಿ ಇದನ್ನು ಎದುರಿಸಿದವರು ಶಾಮನೂರಿಗೆ ತೀರ ದೂರದವರೂ ಅಲ್ಲ. ಹರಿಹರದ ಸೇತುವೆಯ ಕೆಳಗೆ ಹರಿದ ತುಂಗಭದ್ರೆಯು ಉತ್ತರಕ್ಕೆ ಸಾಗಿ, ವರದಾ ನದಿಯನ್ನು ಕೂಡಿಕೊಳ್ಳುವಲ್ಲಿ ಗಳಗನಾಥವೆಂಬ ಊರಿದೆ. ಆ ಊರಿನ ಹೆಸರನ್ನೇ ಕಾವ್ಯನಾಮವಾಗಿ ಮಾಡಿಕೊಂಡ ವೆಂಕಟೇಶ ತಿರಕೋ ಕುಲಕರ್ಣಿಯವರು (1869–1942) ಬರೆಯತೊಡಗಿದ ಕಾಲಕ್ಕೆ ಆ ಸೀಮೆಯ ಓದು ಬಲ್ಲ ಮನೆಗಳಲ್ಲಿ ಮರಾಠಿ ಪುಸ್ತಕಗಳೇ ತುಂಬಿದ್ದವು. ಕನ್ನಡದಲ್ಲಿ ಕಾದಂಬರಿಯೆಂಬುದೊಂದುಂಟು, ಅದು ಓದಲು ತಕ್ಕುದು ಎಂಬುದನ್ನೇ ಮೊದಲು ನಂಬಿಸಬೇಕಾಗಿತ್ತು. 1907ರಲ್ಲಿ ಅಗಡಿಯ ಆನಂದವನದಿಂದ ಹೊರಟ ‘ಸದ್ಬೋಧ ಚಂದ್ರಿಕೆ’ಯ ಮೂಲಕ ಅವರ ಕತೆಗಳು ಮನೆಮನೆಗೆ ಹೋದವು. ಅಷ್ಟು ಸಾಲದೆ, ಪುಸ್ತಕಗಳ ಗಂಟನ್ನು ತಲೆಯ ಮೇಲೆ ಹೊತ್ತು ಊರೂರು ತಿರುಗಿ ಮಾರಿದರು.

ಗಳಗನಾಥರ ಈ ಕತೆಯನ್ನು ಹೇಳುವವರೆಲ್ಲರೂ ಅವರ ತ್ಯಾಗವನ್ನು ಹೊಗಳಿ ಕಣ್ಣೊರಸಿಕೊಳ್ಳುವರು. ಅದು ಯೋಗ್ಯವೇ. ಆದರೆ ತಲೆಯ ಮೇಲಿನ ಗಂಟಿಗಿಂತ ಗಂಟು ಇಳಿದ ಮೇಲಿನ ಘಳಿಗೆಯನ್ನು ಸ್ವಲ್ಪ ಆಲೋಚಿಸಬೇಕು. ಬಿಸಿಲಿನಲ್ಲಿ ಬಂದ ಮುದುಕರೊಬ್ಬರು ಜಗಲಿಯ ಮೇಲೆ ಕುಳಿತರೆಂದರೆ ಮನೆಯವರು ನೀರು ಬೆಲ್ಲ ಕೊಡದೆ ಇರುವರೆ? ನೀರು ಕುಡಿದ ಮೇಲೆ ಮಾತು ಬರದೆ ಇರುವುದೆ? ಯಾವ ಊರು, ಗಂಟಿನಲ್ಲಿ ಏನು, ಈ ಕತೆ ಯಾರದು ಎಂದು ಕೇಳಿದವರಿಗೆ ಉತ್ತರ ಹೇಳುತ್ತಿದ್ದವರು ಬರೆದವರೇ. ಬರೆದವನ ಕೈಯಿಂದ, ಬರೆದವನ ಮಾತಿನೊಡನೆ ಪುಸ್ತಕವು ಮನೆಯೊಳಕ್ಕೆ ಹೋಯಿತು. ಹಿಡಿ ಕಾಳನ್ನು ಅಂಗೈಗೆ ಹಾಕಿ ತೋರಿಸುವ ಕೆಲಸ ಅದು. ಅದನ್ನು ಮಾಡಿದುದು ಜಗಲಿಯ ಸಂಭಾಷಣೆ.

ಸಭೆಗಳು ಈ ಕೆಲಸವನ್ನು ಮಾಡಲಾರವು. ದಾವಣಗೆರೆಯು ದೊಡ್ಡ ಸಾಹಿತ್ಯ ಸಭೆಗಳನ್ನು ಕಂಡ ಊರೇ. 1922ರಲ್ಲಿ ಎಂಟನೆಯ ಸಾಹಿತ್ಯ ಸಮ್ಮೇಳನವು ‘ತಾತಯ್ಯ’ ಎಂ. ವೆಂಕಟಕೃಷ್ಣಯ್ಯನವರ ಅಧ್ಯಕ್ಷತೆಯಲ್ಲಿ ಇಲ್ಲಿ ನೆರೆಯಿತು; ಎಪ್ಪತ್ತು ವರ್ಷಗಳ ಮೇಲೆ, 1992ರಲ್ಲಿ, ಅರುವತ್ತೊಂದನೆಯದು ಜಿ. ಎಸ್. ಶಿವರುದ್ರಪ್ಪನವರ ಅಧ್ಯಕ್ಷತೆಯಲ್ಲಿ ನಡೆಯಿತು. ಸಮ್ಮೇಳನದಲ್ಲಿ ಲೇಖಕನು ವೇದಿಕೆಯ ಮೇಲಿರುವನು, ಓದುಗನು ಚಪ್ಪರದ ಕೆಳಗಿರುವನು. ಮಾತು ಒಂದೇ ದಿಕ್ಕಿನಲ್ಲಿ ಹರಿಯುವುದು. ಕನ್ನಡ ಮತ್ತು ಸಂಸ್ಕೃತಿ ಇಲಾಖೆಯವರು ಬೆಂಗಳೂರಿನಲ್ಲಿ ನಡೆಸಿದ ‘ಮನೆಯಂಗಳದಲ್ಲಿ ಮಾತುಕತೆ’ಯಂಥ ಕಾರ್ಯಕ್ರಮಗಳು ಇದಕ್ಕಿಂತ ಹತ್ತಿರದವು. ಅಲ್ಲಿ ಪ್ರಶ್ನೆಯೂ ಉಂಟು, ಉತ್ತರವೂ ಉಂಟು. ಆದರೆ ಅಲ್ಲಿಗೆ ಬರುವವರು ಸಾಧನೆ ಮಾಡಿ ಹೆಸರಾದ ಹಿರಿಯರು. ಅವರ ಪರಿಚಯಕ್ಕೆ ಜಾಮೀನು ಬೇಕಾಗಿರಲಿಲ್ಲ.

ಹೊಸಬರಿಗೆ ಜಾಮೀನಾದ ಮಾತುಕತೆಯ ನಿಜವಾದ ನಿದರ್ಶನವನ್ನು ನೋಡಬೇಕಾದರೆ ದಾವಣಗೆರೆಯಿಂದ ಹುಬ್ಬಳ್ಳಿಯ ಮೇಲೆ ಹಾದು ಧಾರವಾಡಕ್ಕೆ ಹೋಗಬೇಕು. ಅಲ್ಲಿನ ಸುಭಾಷ ರಸ್ತೆಯಲ್ಲಿ, ‘ಅಟ್ಟ’ವೆಂದು ಹೆಸರಾದ ಒಂದು ಮಾಳಿಗೆ. ಜಿ. ಬಿ. ಜೋಶಿಯವರು 1933ರಲ್ಲಿ ಆರಂಭಿಸಿದ ಮನೋಹರ ಗ್ರಂಥಮಾಲೆಯ ಮನೆ ಅದು. ಜೋಶಿಯವರು ‘ಜಡಭರತ’ನೆಂಬ ಹೆಸರಿನಲ್ಲಿ ತಾವೇ ನಾಟಕಗಳನ್ನು ಬರೆದವರು, ಆದರೂ ತಮ್ಮ ಬರೆಹಕ್ಕಿಂತ ಪರರ ಬರೆಹದ ಚಿಂತೆಯೇ ಅವರಿಗೆ ಹೆಚ್ಚು. ಅಟ್ಟದ ಮೇಲೆ ಬೇಂದ್ರೆಯವರು ಬಂದು ಕುಳಿತಿರುವರು, ಕೀರ್ತಿನಾಥ ಕುರ್ತಕೋಟಿಯವರು ಹಸ್ತಪ್ರತಿಯೊಂದನ್ನು ಓದುತ್ತಿರುವರು, ಮೂಲೆಯಲ್ಲಿ ಇನ್ನೂ ಒಂದು ಪುಸ್ತಕವೂ ಅಚ್ಚಾಗದ ಹುಡುಗನೊಬ್ಬನು ಎದೆ ಹೊಡೆದುಕೊಳ್ಳುತ್ತ ಕುಳಿತಿರುವನು — ಅಲ್ಲಿನ ದಿನಚರಿಯೇ ಹೀಗೆ. ಹಸ್ತಪ್ರತಿಯ ಮೇಲೆ ಚರ್ಚೆ, ಚರ್ಚೆಯ ಮೇಲೆ ಚಹಾ.

ಈ ಮಾಲೆಯು ಹೊರತಂದ ಕಾದಂಬರಿಗಳನ್ನು ನೆನೆದರೆ ಅಟ್ಟದ ಬೆಲೆ ತಿಳಿಯುವುದು. ಶಂಕರ ಮೊಕಾಶಿ ಪುಣೇಕರರ ‘ಗಂಗವ್ವ ಗಂಗಾಮಾಯಿ’ 1956ರಲ್ಲಿ ಬಂದಿತು, ಶಾಂತಿನಾಥ ದೇಸಾಯರ ‘ಮುಕ್ತಿ’ 1961ರಲ್ಲಿ, ಯು. ಆರ್. ಅನಂತಮೂರ್ತಿಯವರು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಓದುತ್ತಿದ್ದಾಗ ಬರೆದ ‘ಸಂಸ್ಕಾರ’ 1965ರಲ್ಲಿ. ಮೂವರೂ ಆಗ ಕಾದಂಬರಿ ಕ್ಷೇತ್ರಕ್ಕೆ ಹೊಸಬರೇ. ಮಾಲೆಗೆ ಚಂದಾದಾರರಾದವರು ಪುಸ್ತಕವನ್ನು ಆರಿಸಿ ಕೊಂಡವರಲ್ಲ. ಮಾಲೆಯನ್ನು ನಂಬಿ ಹಣ ಕಟ್ಟಿದವರು. ಆ ನಂಬಿಕೆಗೆ ಆಧಾರವಾಗಿದ್ದುದು ಅಟ್ಟದ ಮೇಲಿನ ಮಾತು. ಅಟ್ಟದಲ್ಲಿ ಹತ್ತು ಮಂದಿ ಆಡಿದ ಮಾತು ಊರಿಗೆ ಇಳಿದು, ಊರಿನಿಂದ ಊರಿಗೆ ಕಾಗದಗಳಲ್ಲಿ ಹೋಗಿ, ಪುಸ್ತಕ ಬರುವ ಮೊದಲೇ ಅದರ ಸುದ್ದಿಯನ್ನು ಮುಟ್ಟಿಸುತ್ತಿತ್ತು.

ಕತೆಗಾರನನ್ನು ಓದುಗರಿಗೆ ತೋರಿಸುವುದಿರಲಿ, ಕತೆಗಾರನನ್ನೇ ಹುಟ್ಟಿಸುವ ಶಕ್ತಿಯೂ ಮಾತಿಗುಂಟು. ಇದಕ್ಕೆ ಸಾಕ್ಷಿ ದಾವಣಗೆರೆಯ ಸೀಮೆಯಲ್ಲಿಯೇ ಇದೆ. ತರಾಸುರವರು 1920ರಲ್ಲಿ ಹುಟ್ಟಿದುದು ಹರಿಹರ ತಾಲ್ಲೂಕಿನ ಮಲೆಬೆನ್ನೂರಿನಲ್ಲಿ. ಚಿತ್ರದುರ್ಗವು ಅವರನ್ನು ತನ್ನವರೆಂದು ಹೇಳಿಕೊಳ್ಳುವುದು ಸಹಜ. ‘ದುರ್ಗಾಸ್ತಮಾನ’ವನ್ನು ಬರೆದವರನ್ನು ಯಾವ ದುರ್ಗ ಬಿಟ್ಟುಕೊಟ್ಟೀತು? ಆದರೂ ತೊಟ್ಟಿಲು ಈ ಕಡೆಯದು ಎಂಬ ಸಣ್ಣ ಹೆಮ್ಮೆಗೆ ಅಡ್ಡಿಯಿಲ್ಲ. ಅವರ ಮೊದಲ ಕತೆ ‘ಪುಟ್ಟನ ಚೆಂಡು’ ಮನೆಯ ಹಿರಿಯರೊಡನೆ ಕಟ್ಟಿದ ಪಂಥದಿಂದ ಹುಟ್ಟಿತೆಂಬುದು ಪ್ರಸಿದ್ಧವಾಗಿದೆ. ತಳುಕಿನ ಆ ಮನೆತನದಲ್ಲಿ ಟಿ. ಎಸ್. ವೆಂಕಣ್ಣಯ್ಯನವರಂಥ ವಿದ್ವಾಂಸರಿದ್ದರು, ಕತೆ ಬರೆಯುವುದು ಹುಡುಗಾಟವಲ್ಲ ಎಂದೊಬ್ಬರು, ಬರೆದು ತೋರಿಸುವೆನೆಂದು ಇನ್ನೊಬ್ಬರು. ಮುಂದೆ ಅನಕೃ ಅವರ ಸಂಗವು ದೊರೆತು ತರಾಸು ಪ್ರಗತಿಶೀಲರಲ್ಲಿ ಒಬ್ಬರಾದರು. ಅನಕೃ ಅವರಾದರೋ ಊರಿಂದೂರಿಗೆ ಹೋಗಿ ಭಾಷಣ ಮಾಡುವರು, ಭಾಷಣ ಮುಗಿದ ಮೇಲೆ ಯಾರ ಮನೆಯಲ್ಲಿಯೋ ಇಳಿದುಕೊಂಡು ಮಾತನಾಡುವರು. ಆ ಮಾತಿನಲ್ಲಿ ತಮ್ಮ ಪುಸ್ತಕದೊಡನೆ ತರುಣರ ಹೆಸರುಗಳನ್ನೂ ಎತ್ತುವರು.

ಹಳಬನ ಹೆಸರಿನ ಬೆನ್ನ ಮೇಲೆ ಹೊಸಬನನ್ನು ಹೊಳೆ ದಾಟಿಸುವ ಈ ಉಪಾಯವನ್ನು ಪರದೇಶದವರೂ ಬಲ್ಲರು. 1953ರಲ್ಲಿ ಪ್ಯಾರಿಸ್ ನಗರದಲ್ಲಿ ಕೆಲವು ಅಮೆರಿಕದ ತರುಣರು ‘ಪ್ಯಾರಿಸ್ ರಿವ್ಯೂ’ ಎಂಬ ಪತ್ರಿಕೆಯನ್ನು ತೆಗೆದರು. ಹೆಸರಿಲ್ಲದವರ ಕತೆಗಳನ್ನು ಅಚ್ಚುಹಾಕುವುದು ಅವರ ಉದ್ದೇಶ. ಅಂಥ ಪತ್ರಿಕೆಯನ್ನು ಕೊಳ್ಳುವವರಾರು? ಆದುದರಿಂದ ಮೊದಲ ಸಂಚಿಕೆಯಲ್ಲಿಯೇ ಇ. ಎಂ. ಫಾರ್ಸ್ಟರರೊಡನೆ ನಡೆದ ಸಂಭಾಷಣೆಯನ್ನು ಪ್ರಕಟಿಸಿದರು. ದೇವಾಸ ಸಂಸ್ಥಾನದಲ್ಲಿ ಕೆಲಕಾಲ ಕೆಲಸ ಮಾಡಿದ್ದ ಆ ಮಹನೀಯರ ಕೊನೆಯ ಕಾದಂಬರಿ ಬಂದು ಆಗ 29 ವರ್ಷಗಳಾಗಿದ್ದವು. ಸಂದರ್ಶಕರು ಅವರ ಬಾಲ್ಯವನ್ನಾಗಲಿ ಸನ್ಮಾನಗಳನ್ನಾಗಲಿ ಕೆದಕಲಿಲ್ಲ. ಬರೆಯತೊಡಗಿ ಅರ್ಧಕ್ಕೆ ಬಿಟ್ಟ ಕಾದಂಬರಿಯೊಂದನ್ನು ಕುರಿತು, ಅದು ಏಕೆ ಮುಗಿಯಲಿಲ್ಲವೆಂದು ಕೇಳಿದರು. ಫಾರ್ಸ್ಟರರ ಮಾತಿಗಾಗಿ ಪತ್ರಿಕೆಯನ್ನು ಕೊಂಡವನು ಪುಟ ತಿರುವಿ ಹೊಸಬರ ಕತೆಯನ್ನೂ ಓದಿದನು. ಐದು ವರ್ಷಗಳ ಮೇಲೆ ಅದೇ ಪತ್ರಿಕೆಯಲ್ಲಿ ಫಿಲಿಪ್ ರಾತ್ ಎಂಬ ಇಪ್ಪತ್ತೈದರ ತರುಣನ ಕತೆ ಬಂದುದನ್ನೂ, ಆತನು ಮುಂದೆ ಏನಾದನೆಂಬುದನ್ನೂ ಇಂಗ್ಲಿಷ್ ಓದುವ ವಾಚಕರು ಬಲ್ಲರು.

ಏಕೆ ಮುಗಿಯಲಿಲ್ಲವೆಂಬ ಆ ಪ್ರಶ್ನೆಯು ಗಮನಿಸತಕ್ಕುದು. ಲೇಖಕನೊಡನೆ ಮಾತು ಎಂಬ ಹೆಸರಿನಲ್ಲಿ ನಡೆಯುವುದೆಲ್ಲವೂ ಹಿಡಿ ಕಾಳನ್ನು ತೋರಿಸುವುದಿಲ್ಲ. ಬಹುಪಾಲು ಚೀಲದ ಮೇಲಿನ ಮುದ್ರೆಯನ್ನೇ ತೋರಿಸಿ ಸುಮ್ಮನಾಗುವುದು. ಶಾಮನೂರಿನ ಮನೆಯೊಂದರ ನಡುಮನೆಯಲ್ಲಿ ಒಂದು ಭಾನುವಾರದ ಸಂಜೆಯನ್ನು ವಾಚಕರು ಕಲ್ಪಿಸಿಕೊಳ್ಳಬೇಕು. ಹತ್ತು ಹನ್ನೆರಡು ಜನ. ನಡುವೆ ಭಟ್ಟಿಯಿಂದ ತಂದ ಬಿಸಿ ಮಂಡಕ್ಕಿಗೆ ಖಾರ ಕಲಸಿಟ್ಟ ದೊಡ್ಡ ತಟ್ಟೆ, ಪಕ್ಕದಲ್ಲಿ ಮೆಣಸಿನಕಾಯಿ ಬಜ್ಜಿ. ಹರಿಹರದಿಂದ ಬಂದ ತರುಣಿ, ಶಾಲೆಯ ಉಪಾಧ್ಯಾಯಿನಿ. ಒಂದು ಕಥಾಸಂಕಲನವನ್ನು ಹೊರತಂದಿದ್ದಾಳೆ. ನಿವೃತ್ತ ಅಧಿಕಾರಿಯೊಬ್ಬರು ಗಂಟಲು ಸರಿಮಾಡಿಕೊಂಡು, ಬರೆಯಲು ತಮಗೆ ಸ್ಫೂರ್ತಿ ಯಾರು ಎಂದು ಕೇಳುವರು. ತಾಯಿಯೆಂದೂ ಪ್ರಕೃತಿಯೆಂದೂ ಆಕೆ ಹೇಳುವಳು. ಬೇರೆ ಏನು ಹೇಳಿಯಾಳು? ಪ್ರಶಸ್ತಿ ಬಂದಿದೆಯೇ ಎಂದು ಇನ್ನೊಬ್ಬರು. ತಂದೆಯ ಊರು ಯಾವುದು, ಅಲ್ಲಿ ಯಾರ ಮನೆಯ ಪೈಕಿ ಎಂದು ಸುತ್ತುಬಳಸಿ ಕುಲವನ್ನು ತಿಳಿಯಲೆಳಸುವ ಜಾಣರು ಮತ್ತೊಬ್ಬರು. ಈ ಬಗೆಯಲ್ಲಿ ಒಂದು ಗಂಟೆ ಕಳೆಯಬಹುದು. ಫೋಟೋ ತೆಗೆಯಬಹುದು. ಪುಸ್ತಕವನ್ನು ಓದಬೇಕೆಂಬ ಆಸೆ ಯಾರಿಗೂ ಹುಟ್ಟದು.

ಅಷ್ಟರಲ್ಲಿ ಬಾಗಿಲ ಬಳಿ ಕುಳಿತ ಅಜ್ಜಿಯೊಬ್ಬಳು — ಕಣ್ಣು ಮಂಜಾಗಿ, ಮೊಮ್ಮಗಳಿಂದ ಪುಸ್ತಕವನ್ನು ಓದಿಸಿ ಕೇಳಿದವಳು — ಬಾಯಿ ತೆರೆಯುವಳು.

“ಅಲ್ಲವ್ವಾ, ಆ ಹುಡುಗೀನ ಬಸ್‌ಸ್ಟ್ಯಾಂಡಿನ ಮಟ ಕರ್ಕೊಂಡು ಹೋದೆ. ಬಸ್ಸು ಯಾಕೆ ಹತ್ತಿಸ್ಲಿಲ್ಲ ನೀನು?”

ತರುಣಿಯು ಕ್ಷಣಕಾಲ ಸುಮ್ಮನಿದ್ದು, “ಮೊದಲು ಹತ್ತಿಸಿದ್ದೆ, ಅಜ್ಜಿ. ಹತ್ತಿಸಿ ಎರಡು ಪುಟ ಬರೆದೂ ಇದ್ದೆ. ಆಮೇಲೆ ಅವಳು ಎಲ್ಲಿ ಇಳೀತಾಳೆ ಅಂತ ನನಗೇ ತಿಳೀಲಿಲ್ಲ. ಇಳಿಯೋ ಜಾಗ ಇಲ್ಲದವಳನ್ನ ಹತ್ತಿಸಿ ಕಳಿಸಿದರೆ ಸುಳ್ಳಾಗುತ್ತೆ ಅನ್ನಿಸ್ತು. ಆ ಎರಡು ಪುಟ ಹರಿದು ಹಾಕಿದೆ” ಎನ್ನುವಳು.

“ತವರಿತ್ತಲ್ಲವ್ವಾ?”

“ತವರೇನೋ ಇತ್ತು ಅಜ್ಜಿ, ಅಲ್ಲಿ ಅಣ್ಣನ ಹೆಂಡತೀನೂ ಇದ್ದಳಲ್ಲ.”

ಅಜ್ಜಿಯು ತಲೆಯಾಡಿಸಿ ಸುಮ್ಮನಾಗುವಳು. ಆದರೆ ನಡುಮನೆಯಲ್ಲಿ ಗುಜುಗುಜು ಏಳುವುದು. ಹತ್ತಿಸಬೇಕಾಗಿತ್ತೆಂದು ಕೆಲವರು, ಸರಿಯಾಗಿಯೇ ಮಾಡಿದಳೆಂದು ಕೆಲವರು. ಯಾವ ಹುಡುಗಿ, ಏನು ಕತೆ ಎಂದು ಓದದೆ ಬಂದವರು. ಪುಸ್ತಕವು ಕೈಯಿಂದ ಕೈಗೆ ಹೋಗುವುದು. ಸ್ಫೂರ್ತಿಯನ್ನು ಕೇಳಿದ ಅಧಿಕಾರಿಗಳೇ ಕನ್ನಡಕವನ್ನು ಹುಡುಕಿ ಆ ಪುಟವನ್ನು ತೆಗೆಯುವರು.

ಆ ಮಾತಿನಲ್ಲಿ ನಡೆದುದೇನು? ಅಜ್ಜಿಯು ಲೇಖಕಿಯನ್ನು ಕುರಿತು ಒಂದನ್ನೂ ಕೇಳಲಿಲ್ಲ. ಕತೆಯ ಒಂದು ಗಂಟನ್ನು ಮುಟ್ಟಿ, ಇದನ್ನು ಹೀಗೇಕೆ ಕಟ್ಟಿದೆಯೆಂದು ಕೇಳಿದಳು. ಉತ್ತರದಲ್ಲಿ ಬರೆಯುವವಳ ಮನಸ್ಸು ಹೇಗೆ ಕೆಲಸ ಮಾಡುವುದು, ಯಾವುದನ್ನು ಸುಳ್ಳೆಂದು ಆಕೆ ತಳ್ಳುವಳು ಎಂಬುದು ತಾನಾಗಿ ಹೊರಬಂದಿತು. ಇದಕ್ಕಿಂತ ಒಳ್ಳೆಯ ಹಿಡಿ ಕಾಳು ಯಾವುದು? ಇಂಥ ಪ್ರಶ್ನೆಗೆ ಪಾಂಡಿತ್ಯ ಬೇಡ. ಪುಸ್ತಕವನ್ನು ಓದಿರಬೇಕು, ಅಷ್ಟೆ. ಅಷ್ಟೇ ಕಷ್ಟವೆಂದು ಕಾಣುತ್ತದೆ. ಲೇಖಕರನ್ನು ಸಂದರ್ಶಿಸುವವರು ಅವರ ಪುಸ್ತಕವನ್ನು ಓದದೆ ಹೋಗುವ ಧೈರ್ಯವು ಯಾವ ಕಾಲದಲ್ಲಿ ಬಂದಿತೋ! ವೈದ್ಯನು ನಾಡಿಯನ್ನು ಹಿಡಿಯದೆ ಔಷಧವನ್ನು ಕೊಟ್ಟರೆ ಜನ ಸಹಿಸುವುದಿಲ್ಲ.

ಅತ್ತ ಇನ್ನೊಂದು ಅಪಾಯವೂ ಇದೆ. ಮಾತು ರುಚಿಕರವಾದಷ್ಟೂ ಪುಸ್ತಕದ ಅಗತ್ಯವಿಲ್ಲವೆನ್ನಿಸಬಹುದು. ಲೇಖಕನನ್ನು ಕಂಡಾಯಿತು, ಕತೆಯನ್ನು ಕೇಳಿಯಾಯಿತು, ಇನ್ನು ಓದುವುದೇಕೆ ಎಂದು ಮನೆಗೆ ಹೋಗುವವರುಂಟು. ಈಗ ಕೈಯಲ್ಲಿನ ಫೋನಿನಲ್ಲಿಯೇ ಲೇಖಕರ ಮಾತುಗಳು ದಿನವೆಲ್ಲ ಕೇಳಸಿಗುವುದರಿಂದ ಇಂಥವರ ಸಂಖ್ಯೆ ಹೆಚ್ಚಿದ್ದರೆ ಆಶ್ಚರ್ಯವಿಲ್ಲ. ಕತೆಯ ಕೊನೆಯನ್ನು ಮಾತಿನಲ್ಲಿ ಬಿಚ್ಚದೆ ಉಳಿಸುವುದೂ, ಒಂದು ಪುಟವನ್ನು ಲೇಖಕರಿಂದಲೇ ಓದಿಸಿ ನಡುವೆ ನಿಲ್ಲಿಸುವುದೂ ಇದಕ್ಕೆ ಹಳೆಯ ಮದ್ದು. ಹರಿಕಥೆಯ ದಾಸರು ನಾಳೆಗೆ ಎಂದು ಮಂಗಳ ಹಾಡುವ ಜಾಗವನ್ನು ಎಷ್ಟು ಎಚ್ಚರಿಕೆಯಿಂದ ಆರಿಸುತ್ತಿದ್ದರೆಂಬುದನ್ನು ಹಿರಿಯರು ನೆನೆಯಬಹುದು.

ಹೊಸಬರನ್ನು ಅಚ್ಚುಹಾಕುವವರು ಈಗಲೂ ಇಲ್ಲದಿಲ್ಲ. ಕತೆಗಾರ ವಸುಧೇಂದ್ರರು 2004ರಲ್ಲಿ ಆರಂಭಿಸಿದ ಛಂದ ಪುಸ್ತಕವು ಮೊದಲ ಸಂಕಲನದ ಹಸ್ತಪ್ರತಿಗಳಿಗೆ ಸ್ಪರ್ಧೆಯಿಟ್ಟು, ಗೆದ್ದುದನ್ನು ತಾನೇ ಪ್ರಕಟಿಸಿ, ಹಲವರನ್ನು ಬೆಳಕಿಗೆ ತಂದಿದೆ. ಅಚ್ಚಾದ ಮೇಲಿನ ದಾರಿಯು, ಅಂಗಡಿಯಿಂದ ನಡುಮನೆಯವರೆಗಿನ ದಾರಿಯು, ಮಾತ್ರ ಅಂದಿನಂತೆ ದೂರವಾಗಿಯೇ ಉಳಿದಿದೆ. ಅದು ಎಷ್ಟು ದೂರವೆಂಬುದಕ್ಕೆ ಹಾಸನದ ಬಾನು ಮುಷ್ತಾಕ್ ಅವರನ್ನು ನೋಡಬೇಕು. ಅವರ ಮೊದಲ ಸಂಕಲನ ‘ಹೆಜ್ಜೆ ಮೂಡಿದ ಹಾದಿ’ ಬಂದುದು 1990ರಲ್ಲಿ. 2025ರ ಮೇ ತಿಂಗಳಲ್ಲಿ, ದೀಪಾ ಭಾಸ್ತಿಯವರು ಇಂಗ್ಲಿಷಿಗೆ ಮಾಡಿದ ‘ಹಾರ್ಟ್ ಲ್ಯಾಂಪ್’ ಸಂಕಲನಕ್ಕೆ ಲಂಡನ್ನಿನಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ದೊರೆಯಿತು. ಮರುದಿನದಿಂದ ಎಷ್ಟೋ ಕನ್ನಡದ ಮನೆಗಳಲ್ಲಿ ಈಕೆ ಯಾರು, ಇವರ ಪುಸ್ತಕ ಎಲ್ಲಿ ಸಿಗುವುದು ಎಂಬ ವಿಚಾರಣೆ. 35 ವರ್ಷಗಳ ಕಾಲ ಅವರು ಕನ್ನಡದಲ್ಲಿಯೇ ಬರೆದಿದ್ದರು. ಕನ್ನಡದ ಪತ್ರಿಕೆಗಳಲ್ಲಿಯೇ ಅವರ ಕತೆಗಳು ಬಂದಿದ್ದವು. ಹಾಸನದ ಲೇಖಕಿಯ ಸುದ್ದಿಯು ಶಾಮನೂರಿಗೆ ಲಂಡನ್ನಿನ ಮೇಲೆ ಸುತ್ತಿ ಬಂದಿತು. ಸಂತೋಷಪಡತಕ್ಕ ಸುದ್ದಿಯೇ ಸರಿ. ಸ್ವಲ್ಪ ನಾಚಿಕೆಯನ್ನೂ ಪಡಬಹುದು. ಆ ಮೂವತ್ತೈದು ವರ್ಷಗಳಲ್ಲಿ ಒಂದು ಸಂಜೆ ಅವರನ್ನು ಯಾವ ನಡುಮನೆ ಕರೆದು, ಈ ಕತೆಯನ್ನು ಹೀಗೇಕೆ ಮುಗಿಸಿದಿರಿ ಎಂದು ಕೇಳಿತು?

ಕರೆಯುವುದಕ್ಕೆ ಬೀಳುವ ವೆಚ್ಚವು ಹೆಚ್ಚಿನದಲ್ಲ. ಹರಿಹರದಿಂದಾದರೆ ಹೋಗಿಬರುವ ಬಸ್ಸಿನ ಹಣ. ಒಂದು ದೊಡ್ಡ ತಟ್ಟೆ ಮಂಡಕ್ಕಿ. ಪುಸ್ತಕದ ನಾಲ್ಕು ಪ್ರತಿಗಳ ಬೆಲೆ. ಪ್ರತಿಗಳನ್ನು ಗೌರವಪ್ರತಿಯೆಂದು ಲೇಖಕರಿಂದ ಕೇಳಿ ಪಡೆಯುವ ಪದ್ಧತಿಯನ್ನು ಈ ಮನೆಗಳು ಮೊದಲು ಬಿಡಬೇಕು. ಹದಿನೈದು ದಿನ ಮುಂಚೆಯೇ ಅವನ್ನು ಕೊಂಡು, ಬರುವವರಲ್ಲಿ ಸುತ್ತಾಡಿಸಿ, ನಾಲ್ವರಾದರೂ ಓದಿ ಮುಗಿಸುವಂತೆ ನೋಡಿಕೊಳ್ಳಬೇಕು; ಅವರಲ್ಲಿ ಒಬ್ಬರು ಪುಸ್ತಕವನ್ನು ಮೆಚ್ಚದವರಾಗಿದ್ದರೆ ಇನ್ನೂ ಒಳ್ಳೆಯದು. ಸನ್ಮಾನ, ಶಾಲು, ಹಾರ, ಸ್ವಾಗತ ಭಾಷಣಗಳು ಬೇಡ. ತಿಂಗಳಿಗೆ ಒಂದು ಮನೆಯಂತೆ ಸರದಿಯನ್ನು ಹಿಡಿದರೆ ವರ್ಷಕ್ಕೆ ಹನ್ನೆರಡು ಮಂದಿ. ಮೊದಲ ಸರದಿಗೆ ಯಾರನ್ನು ಕರೆಯಬೇಕೆಂಬುದಕ್ಕೆ ಬೆಂಗಳೂರಿಗೆ ಕಾಗದ ಬರೆಯಬೇಕಾಗಿಲ್ಲ. ಹೊನ್ನಾಳಿ, ಚನ್ನಗಿರಿ, ಜಗಳೂರು, ಹರಿಹರಗಳ ಗ್ರಂಥಾಲಯಗಳಲ್ಲಿ ವಿಚಾರಿಸಿದರೆ ಬಿಚ್ಚದ ಕಟ್ಟುಗಳು ಯಾವ ಯಾವ ಮನೆಯ ಮಂಚದ ಕೆಳಗಿವೆಯೆಂದು ಅಲ್ಲಿನವರೇ ಹೇಳುವರು.